ಗುಡಿ ಬಿಟ್ಟು ಹೊರಟಂತೆ ಕಂಡ ಅಮ್ಮ

ಹುಣಸೂರಿನ ಬಸ್‌ಸ್ಟ್ಯಾಂಡಿನಿಂದ ಒಂದು ತಿರುವು ಒಳಗೆ ಹೋದರೆ, ಬಟ್ಟೆ ಅಂಗಡಿಯ ಮಹಡಿ ಮೇಲೆ ನಮ್ಮ ಯಜಮಾನರ ಸ್ಟುಡಿಯೋ. ಈಗಲೂ ಇದೆ, ಆದರೆ ಈಗ ಬರುವವರೆಲ್ಲ ಪಾಸ್‌ಪೋರ್ಟ್ ಸೈಜಿನವರು. ಬಂದು, ಕೂತು, ಫೋನ್ ನೋಡುತ್ತಾ ಹೊರಟುಬಿಡುತ್ತಾರೆ. ಮೊದಲು ಹಾಗಿರಲಿಲ್ಲ. ಪಿರಿಯಾಪಟ್ಟಣದ ಕಡೆಯಿಂದ ತಂಬಾಕು ಮಾರಿದ ಖುಷಿಯಲ್ಲಿ ಗಂಡ ಹೆಂಡತಿ ಬರೋರು. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಗಳಿಂದ ರೇಷನ್ ಕಾರ್ಡಿಗೆ ಫೋಟೋ ಬೇಕು ಅಂತ ಮನೆಮಂದಿಯೆಲ್ಲ ಜೀಪಿನಲ್ಲಿ ಬಂದಿಳಿಯೋರು. ಕನ್ನಡಿ ಮುಂದೆ ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ. ಆ ಪೌಡರ್ ಡಬ್ಬಿ ನಮ್ಮ ಮನೆಯಿಂದ ಹೋಗುತ್ತಿದ್ದದ್ದು. ನಾನು ಹಚ್ಚಿಕೊಂಡದ್ದಕ್ಕಿಂತ ಊರ ಹೆಂಗಸರು ಹಚ್ಚಿಕೊಂಡದ್ದೇ ಹೆಚ್ಚು. ಅದೂ ಒಂದು ಪುಣ್ಯ ಅಂದುಕೊಳ್ಳುತ್ತೇನೆ. ಎಷ್ಟು ಜನರ ಮದುವೆ ಮಾತುಕತೆಯ ಫೋಟೋದಲ್ಲಿ ನಮ್ಮ ಮನೆ ಪೌಡರ್ ಇದೆಯೋ, ದೇವರಿಗೇ ಗೊತ್ತು.

ಕೆಲಸ ಕಡಿಮೆಯಾದ ಮೇಲೆ ಇವರಿಗೆ ಒಂದು ಹುಚ್ಚು ಹತ್ತಿತು. ಚಿಕ್ಕವರಿದ್ದಾಗ ಮೈಸೂರಿನ ವಸ್ತುಪ್ರದರ್ಶನದಲ್ಲಿ, ಎರಡು ಕಣ್ಣಿಗೂ ಒತ್ತಿಹಿಡಿದು ನೋಡುವ ಒಂದು ಪೆಟ್ಟಿಗೆ ನೋಡಿದ್ದರಂತೆ. ಒಳಗಿನ ಚಿತ್ರ ಚಪ್ಪಟೆಯಾಗಿರದೆ, ಮುಂದಿರುವುದು ಮುಂದೆ ಹಿಂದಿರುವುದು ಹಿಂದೆ, ಕೈ ಹಾಕಿದರೆ ಸಿಗುವಂತೆ ಕಾಣುತ್ತಿತ್ತಂತೆ. ಅಂಥದ್ದನ್ನು ತಾವೇ ಮಾಡಬೇಕು ಅಂತ ಹೊರಟರು. ಬಡಗಿಯಿಂದ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಕನ್ನಡಕದ ಅಂಗಡಿಯಿಂದ ಎರಡು ಗಾಜು ತಂದು ಕೂರಿಸಿದರು. ಒಂದೇ ನೋಟದ ಎರಡು ಫೋಟೋ ಬೇಕು, ಒಂದು ಎಡಗಣ್ಣಿಗೆ, ಒಂದು ಬಲಗಣ್ಣಿಗೆ. ನಮ್ಮ ಎರಡು ಕಣ್ಣಿಗೆ ಕಾಣುವುದು ಚೂರು ಬೇರೆ ಬೇರೆಯಂತೆ, ತಲೆ ಅದೆರಡನ್ನೂ ಸೇರಿಸಿ ಒಂದು ಮಾಡುತ್ತದಂತೆ. ನಾನು ಒಲೆ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ನಿಜ! ಸಾರಿನ ಪಾತ್ರೆ ಅತ್ತಿತ್ತ ಜರುಗಿತು. ಇಷ್ಟು ವರ್ಷ ದೇವರು ಕೊಟ್ಟದ್ದನ್ನು ಗಮನಿಸದೆ ಅನ್ನ ಮಾಡಿದ್ದೆನಲ್ಲ ಅನ್ನಿಸಿತು.

ಮೊದಮೊದಲು ಒಂದೇ ಕ್ಯಾಮೆರಾ. ಒಂದು ಹಲಗೆಯ ಮೇಲೆ ಇಟ್ಟು ಒಂದು ಸಲ ತೆಗೆಯೋದು, ಮೂರು ಬೆರಳಷ್ಟು ಪಕ್ಕಕ್ಕೆ ಜರುಗಿಸಿ ಇನ್ನೊಂದು ಸಲ ತೆಗೆಯೋದು. ಮಲ್ಲಿಗೆ ಬಳ್ಳಿ ಚೆನ್ನಾಗಿ ಬಂತು. ರಾಗಿ ಕಲ್ಲು ಚೆನ್ನಾಗಿ ಬಂತು. ಪಕ್ಕದ ಮನೆಯ ಕರು ಮಾತ್ರ ಎರಡನೇ ಸಲಕ್ಕೆ ಬಾಲ ಬೀಸಿಬಿಟ್ಟಿತು. ಪೆಟ್ಟಿಗೆಯಲ್ಲಿ ನೋಡಿ ನಮ್ಮತ್ತೆ ಬಿದ್ದು ಬಿದ್ದು ನಕ್ಕರು.

“ಲೇ ಮಗ, ಎರಡು ಬಾಲದ ಕರ ಎಲ್ಲಿ ಸಿಕ್ತೋ ನಿಂಗೆ? ಸಂತೆಗೆ ಹೊಡ್ಕೊಂಡೋಗು, ಒಳ್ಳೆ ರೇಟ್ ಬತ್ತದೆ.”

ಅತ್ತೆಗೆ ಎರಡು ಕಣ್ಣಿನ ಪೊರೆಯೂ ತೆಗೆಸಿ ಆಗಿತ್ತು. ಕಣ್ಣಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರೇ ಶ್ರೀಮಂತರು. ಅಕ್ಕಿಯಲ್ಲಿ ನಾನು ಬಿಟ್ಟ ಕಲ್ಲನ್ನು ಅವರು ಕೂತಲ್ಲಿಂದ ತೋರಿಸೋರು. ಮಂಗಳವಾರ, ಶುಕ್ರವಾರ ತಪ್ಪದೆ ಹನಗೋಡಿನ ಹತ್ತಿರ ಹೊಳೆದಂಡೆಯಲ್ಲಿರುವ ನಮ್ಮ ಮನೆದೇವರ ಗುಡಿಗೆ ಹೋಗಿಬರೋರು. ಚಿಕ್ಕ ಗುಡಿ. ಬಾಗಿಲ ಎದುರು ಎರಡು ಕಲ್ಲುಕಂಬ, ಒಳಗೆ ಅಮ್ಮ. ಬಸ್ಸಿಳಿದು ಗದ್ದೆ ಬದುವಿನ ಮೇಲೆ ಅವರು ಮುಂದೆ, ನಾನು ಬುಟ್ಟಿ ಹಿಡಿದು ಹಿಂದೆ. ಆ ಕೆಸರಿನ ವಾಸನೆ, ಅವರ ಒದ್ದೆ ಸೆರಗು, ದಾರಿಯುದ್ದಕ್ಕೂ ಅವರು ಅಮ್ಮನ ಜೊತೆ ಜಗಳದಂತೆ ಮಾತಾಡಿಕೊಂಡು ಹೋಗುತ್ತಿದ್ದದ್ದು, ಎಲ್ಲ ಇನ್ನೂ ಮನಸ್ಸಲ್ಲಿದೆ.

ಒಂದು ಮಳೆಗಾಲ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿನಲ್ಲಿ ಆಪರೇಷನ್ ಆಯಿತು. ತಲೆಗೆ ಪೆಟ್ಟಾಗಲಿಲ್ಲ, ಆ ವಯಸ್ಸಿಗೆ ಮೂಳೆ ಕೂಡಿಕೊಂಡಿತು, ಎರಡೂ ದೇವರ ದಯೆ. ಡಾಕ್ಟರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ದಿನಾ ವಾಕರ್ ಹಿಡಿದು ನಿಲ್ಲಿಸಿ, ನಡೆಸಿ. ನೋವು ಅಂತ ಮಲಗಿಬಿಟ್ರೆ ಆಮೇಲೆ ಏಳಿಸೋಕೆ ಆಗಲ್ಲಮ್ಮ.”

ಮೊದಲು ಛಲದಿಂದಲೇ ನಿಂತರು. ಮಂಚದಿಂದ ಕಿಟಕಿವರೆಗೆ, ಕಿಟಕಿಯಿಂದ ಅಡುಗೆಮನೆ ಬಾಗಿಲವರೆಗೆ. ನಡೆಯುವಾಗೆಲ್ಲ ಒಂದೇ ಮಾತು: “ಗುಡಿಗೆ ಓಗ್ಬೇಕು ಕಣವ್ವ. ಅಮ್ಮ ನಾನೆಲ್ಲಿ ಅಂತ ನೋಡ್ತಿರ್ತಾಳೆ.” ಗದ್ದೆ ಬದುವಿನ ಮೇಲೆ ಕರೆದೊಯ್ಯುವುದು ಇನ್ನೂ ದೂರದ ಮಾತು. ಆಗ ಇವರಿಗೆ ಹೊಳೆದದ್ದು, ಅಮ್ಮನನ್ನೇ ಪೆಟ್ಟಿಗೆಯಲ್ಲಿ ಮನೆಗೆ ತರೋಣ ಅಂತ.

ದೀಪದ ಕುಡಿ ಆಡುತ್ತಿರುತ್ತದೆ, ಆರತಿ ಆಡುತ್ತಿರುತ್ತದೆ. ಜರುಗಿಸಿ ತೆಗೆದರೆ ಕರುವಿನ ಬಾಲದ ಗತಿಯೇ. ಹಾಗಾಗಿ ಕೆ.ಆರ್. ನಗರದ ಸ್ನೇಹಿತರೊಬ್ಬರಿಂದ ತಮ್ಮ ಕ್ಯಾಮೆರಾದಂಥದ್ದೇ ಇನ್ನೊಂದನ್ನು ಕೇಳಿ ತಂದರು. ಎರಡರಲ್ಲೂ ಒಂದೇ ಗಳಿಗೆಗೆ ತೆಗೆಯುವುದು. ಹೊರಡುವ ಬೆಳಿಗ್ಗೆ ಅತ್ತೆ ಮಂಚದ ಮೇಲಿಂದಲೇ ಅಪ್ಪಣೆ ಕೊಟ್ಟರು.

“ನೋಡ್ಲಾ, ಅಮ್ಮನ ಎದುರಾಎದುರು ನಿಂತ್ಕೊಂಡು ತಗೀಬ್ಯಾಡ. ನಡೂಮಧ್ಯ ಯಾರೂ ನಿಲ್ಲಬಾರ್ದು. ಪಕ್ಕಕ್ಕೆ ನಿಂತು ತಗಿ.”

“ಆಯ್ತವ್ವ, ಪಕ್ಕಕ್ಕೇ ನಿಂತ್ಕೋತೀನಿ.”

“ಬರೀ ಬಾಯಲ್ಲಿ ಆಯ್ತು ಅನ್ಬ್ಯಾಡ. ಕಣ್ಣೋಟ ತಡ್ಕೊಳ್ಳೋ ಶಕ್ತಿ ನಿಮ್ಮಪ್ಪಂಗೂ ಇರ್ನಿಲ್ಲ, ನಿಂಗೂ ಇಲ್ಲ.”

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಗರ್ಭಗುಡಿಯ ನೇರಕ್ಕೆ ನಡುವೆ ಜಾಗ ಬಿಟ್ಟು, ಗಂಡಸರು ಒಂದು ಪಕ್ಕ, ಹೆಂಗಸರು ಒಂದು ಪಕ್ಕ ನಿಂತು, ಕತ್ತು ತಿರುಗಿಸಿ ಅಮ್ಮನನ್ನು ನೋಡುವುದು. ಇವರು ಅದನ್ನೇ ಕ್ಯಾಮೆರಾಗಳಿಗೂ ಮಾಡಿದರು. ಒಂದು ಸ್ಟ್ಯಾಂಡು ಗಂಡಸರ ಪಕ್ಕ, ಒಂದು ಸ್ಟ್ಯಾಂಡು ಹೆಂಗಸರ ಪಕ್ಕ, ನಡುವೆ ಒಂದು ಮೊಳ ಜಾಗ. ಎರಡರ ಮುಖವನ್ನೂ ಓರೆಯಾಗಿ ಒಳಕ್ಕೆ ತಿರುಗಿಸಿ, ಎರಡೂ ನೇರ ಅಮ್ಮನ ಮುಖವನ್ನೇ ನೋಡುವಂತೆ ಇಟ್ಟರು. ನಾವು ಭಕ್ತರು ನಿಂತು ನೋಡುವ ಹಾಗೆಯೇ. ಹೆಂಗಸರ ಕಡೆಯದ್ದನ್ನು ಒತ್ತುವ ಕೆಲಸ ನನ್ನದು.

ಪೂಜಾರಪ್ಪ ಆರತಿ ತಟ್ಟೆ ಹಿಡಿದು ನೋಡುತ್ತಾ ನಿಂತಿದ್ದರು. “ಏನ್ ಸ್ವಾಮಿ, ಎರಡು ಕ್ಯಾಮ್ರಾ? ಒಂದರ ಮೇಲೆ ಒಂದಕ್ಕೆ ನಂಬಿಕೆ ಇಲ್ವಾ?”

“ನಮ್ಮವ್ವಂಗೆ ಎರಡು ಕಣ್ಣು ಅವಲ್ಲ, ಅದಕ್ಕೆ.”

“ಅಂಗಾರೆ ಬೇಗ ತೆಗೀರಿ. ಕರ್ಪೂರ ನಿಮ್ಮವ್ವಂಗೆ ಅಂತ ಕಾಯ್ಕೊಂಡಿರಲ್ಲ.”

ಇವರು ಒಂದು, ಎರಡು, ಮೂರು ಅಂದರು. ಇಬ್ಬರೂ ಒಟ್ಟಿಗೆ ಒತ್ತಿದೆವು. ಒಟ್ಟಿಗೆ ಒತ್ತುವಾಗ ನನಗೆ ಮದುವೆ ಮನೆಯ ಧಾರೆಯ ನೆನಪು ಬಂತು ಅಂದರೆ ನಗಬೇಡಿ.

ಸಾಯಂಕಾಲ ಪ್ರಿಂಟ್ ಹಾಕಿ, ಕತ್ತರಿಸಿ, ಪೆಟ್ಟಿಗೆಗೆ ಹಾಕಿ ಅತ್ತೆಯ ಕೈಗೆ ಕೊಟ್ಟರು. ತಾವೇ ಮೊದಲು ನೋಡಬಹುದಿತ್ತು, ನೋಡಲಿಲ್ಲ. ಅವ್ವನೇ ಮೊದಲು ನೋಡಲಿ ಅಂತ ಆಸೆ. ಅತ್ತೆ ಕೈಕಾಲು ತೊಳೆಸಿಕೊಂಡು, ತಲೆ ಮೇಲೆ ಸೆರಗು ಹೊದ್ದು, ಕಿಟಕಿ ಬೆಳಕಿಗೆ ಪೆಟ್ಟಿಗೆ ಎತ್ತಿ ಹಿಡಿದರು. ನಾನು ಅವರ ಮುಖ ನೋಡುತ್ತಿದ್ದೆ. ಅಗಲಿಸಿದ ಬಾಯಿ ಹಾಗೇ ಉಳಿಯಿತು. ಕಣ್ಣಲ್ಲಿ ನೀರು ಇಳಿಯಿತು. ಭಕ್ತಿಯಿಂದ ಅಂದುಕೊಂಡೆ. ಪೆಟ್ಟಿಗೆ ಕೆಳಗಿಳಿಸಿ ಹಣೆ ಒತ್ತಿಕೊಂಡರು.

“ಇದೇನ್ಲಾ ಇಂಗೆ? ಅಮ್ಮ ಹೊರಟವ್ಳಲ್ಲೋ.”

“ಎಲ್ಲಿಗವ್ವ?”

“ಗುಡಿ ಬುಟ್ಟು. ಗೊಂಬೆಯಂಗೆ ಈಟೇ ಈಟಾಗಿ, ಮುಂದಕ್ಕೆ ನುಗ್ಗಿ ಬತ್ತಾವ್ಳೆ. ಕಂಬ ಎರಡೂ ಹಿಂದಕ್ಕೆ ವಾಲ್ಕೊಂಡು ಕುಸೀತಾವೆ. ನೋಡಕ್ಕಾಗ್ದು, ಕಣ್ಣು ಕಿತ್ತಂಗಾಯ್ತದೆ.”

ನಾನೂ ನೋಡಿದೆ. ಸುಳ್ಳೇನಲ್ಲ. ನಡುವೆ ಅಮ್ಮನ ಮುಖ ಉಬ್ಬಿಕೊಂಡು ಹೊರಗೆ ಬಂದಿತ್ತು. ಅಂಚಿನ ಕಂಬಗಳು ಹಿಂದಕ್ಕೆ ಬಾಗಿ, ಎಷ್ಟು ನೋಡಿದರೂ ಒಂದಾಗದೆ ಎರಡೆರಡಾಗಿ ನಡುಗುತ್ತಿದ್ದವು. ಒಂದು ಕಣ್ಣು ಮೇಲಕ್ಕೂ ಒಂದು ಕಣ್ಣು ಕೆಳಕ್ಕೂ ಎಳೆದಂತಾಗಿ ನನಗೂ ತಲೆನೋವು ಶುರುವಾಯಿತು.

ಫೋಟೋ ಸರಿ ಬಂದಿಲ್ಲವವ್ವ ಅಂತ ಇವರು ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ. “ಮಲ್ಲಿಗೆ ಬಳ್ಳಿ ಸರಿಯಾಗಿ ಬತ್ತದೆ, ರಾಗಿಕಲ್ಲು ಸರಿಯಾಗಿ ಬತ್ತದೆ, ಅಮ್ಮ ಮಾತ್ರ ಬರಕಿಲ್ವಾ? ನಾನು ಓಗ್ದೆ ಇರೋದು ಅವ್ಳಿಗೆ ಬೇಜಾರಾಗದೆ. ಹೊರಟೋಯ್ತೀನಿ ಅಂತ ತೋರಿಸ್ಬುಟ್ಲು.”

ಮಾರನೇ ದಿನ ವಾಕರ್ ತಂದು ಮಂಚದ ಮುಂದೆ ಇಟ್ಟೆ. ಮುಖ ಗೋಡೆಗೆ ತಿರುಗಿಸಿದರು. “ಯಾವ ಗುಡಿಗೆ ನಡೀಲಿ ಅಂತ ನಡೀಲವ್ವ? ಬುಡು, ಮಲಗ್ತೀನಿ.” ಅದರ ಮಾರನೇ ದಿನವೂ ಅಷ್ಟೆ. ಬಲವಂತ ಮಾಡಿದರೆ ಕಾಲಿಗೆ ಬಲವೇ ಕೊಡುತ್ತಿರಲಿಲ್ಲ, ಗೋಣಿಚೀಲ ಎತ್ತಿದ ಹಾಗೆ. ನೆರೆಯವರು ಬಂದು ವಯಸ್ಸಾಯಿತಲ್ಲ ಅಂದರು. ವಯಸ್ಸಲ್ಲ ಅಂತ ನನಗೆ ಗೊತ್ತಿತ್ತು. ಡಾಕ್ಟರು ಹೇಳಿದ್ದು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಅತ್ತೆ ಇನ್ನೆಂದೂ ಎದ್ದು ನಿಲ್ಲುವುದಿಲ್ಲ. ದೇವರ ಮುಂದೆ ದೀಪ ಹಚ್ಚಿ, ಅಮ್ಮ, ನೀನು ಹೊರಟಿಲ್ಲ ಅಂತ ನೀನೇ ಹೇಳಬೇಕು, ನಾನು ಹೇಳಿದರೆ ಕೇಳುವವರಲ್ಲ ಅಂತ ಬೇಡಿಕೊಂಡೆ.

ಇವರಂತೂ ಸ್ಟುಡಿಯೋಗೆ ಹೋಗುವುದನ್ನೇ ಬಿಟ್ಟು ಪೆಟ್ಟಿಗೆಯ ಹಿಂದೆ ಬಿದ್ದರು. ಎಡ ಬಲ ಅದಲುಬದಲಾಯಿತೇನೋ ಅಂತ ಫೋಟೋ ಬದಲಿಸಿದರು. ಇನ್ನೂ ಕೆಟ್ಟಿತು, ಗೋಡೆ ಮುಂದೆ ಬಂದು ಅಮ್ಮ ತೂತಿನೊಳಗೆ ಹೋದಳು. ಗಾಜು ಬಿಚ್ಚಿ ತೊಳೆದು ಕೂರಿಸಿದರು. ಮಲ್ಲಿಗೆಯ ಹಳೇ ಜೋಡಿ ಹಾಕಿ ನೋಡಿದರೆ ಅದು ಚೊಕ್ಕವಾಗಿ ಕಂಡಿತು. ಅಂದರೆ ಪೆಟ್ಟಿಗೆಯ ತಪ್ಪಲ್ಲ.

“ನಮ್ಮ ಕಣ್ಣೂ ಹತ್ತಿರದ್ದು ನೋಡುವಾಗ ಒಳಕ್ಕೆ ತಿರುಗುತ್ತವೆ ಕಣೇ. ನಾನೂ ಹಾಗೇ ತಿರುಗಿಸಿಟ್ಟೆ. ಅದರಲ್ಲೇನು ತಪ್ಪು?” ಅಂತ ನನ್ನನ್ನೇ ಕೇಳಿದರು.

“ನನಗೇನು ಗೊತ್ತುರೀ? ಇಲ್ಲೇ ಒಂದು ಸಲ ಹಂಗೇ ಇಟ್ಟು ತೆಗೆದು ನೋಡಿ. ಗುಡಿಗೆ ಪದೇ ಪದೇ ಹೋಗೋಕಾಗುತ್ತಾ?”

ಅಡುಗೆಮನೆಯಲ್ಲಿ ಒಲೆ ಹಿಂದಿನ ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿದ್ದೆವು. ಅದರೆದುರು ಎರಡು ಸ್ಟ್ಯಾಂಡು ನಿಲ್ಲಿಸಿ, ಗುಡಿಯಲ್ಲಿಟ್ಟಂತೆಯೇ ಓರೆಯಾಗಿ, ಎರಡೂ ಹಾಲಿನ ಪಾತ್ರೆಯನ್ನು ನೋಡುವಂತೆ ಇಟ್ಟು ತೆಗೆದರು. ಪ್ರಿಂಟ್ ಎರಡನ್ನೂ ಚಪಾತಿ ಮಣೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಆಗ ಕಂಡಿತು. ಚೌಕದ ಟೈಲ್ಸು ಚೌಕವಾಗಿರಲೇ ಇಲ್ಲ. ಎಡಗಡೆ ಕ್ಯಾಮೆರಾದ ಫೋಟೋದಲ್ಲಿ ಎಡಪಕ್ಕದ ಟೈಲ್ಸ್ ಉದ್ದ, ಬಲಕ್ಕೆ ಹೋಗ್ತಾ ಹೋಗ್ತಾ ಗಿಡ್ಡ. ಬಲಗಡೆಯದರಲ್ಲಿ ಅದಕ್ಕೆ ತಿರುಗಾಮುರುಗಾ. ಹಾಲಿನ ಪಾತ್ರೆ ಮಾತ್ರ ಎರಡರಲ್ಲೂ ಒಂದೇ ಎತ್ತರ.

“ನೋಡ್ರೀ,” ಅಂದೆ, “ಒಂದೇ ಟೈಲ್ಸು ಈ ಕಣ್ಣಿಗೆ ಉದ್ದ, ಆ ಕಣ್ಣಿಗೆ ಗಿಡ್ಡ. ಪಾಪ ತಲೆ ಹೆಂಗೆ ಸೇರಿಸ್ತದೆ?”

ಇವರು ಎರಡು ಪ್ರಿಂಟಿನ ಟೈಲ್ಸನ್ನೂ ಬೆರಳಲ್ಲಿ ಅಳೆದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: ಓರೆ ನಿಂತ ಕ್ಯಾಮೆರಾಗೆ ಗೋಡೆಯ ಒಂದು ತುದಿ ಹತ್ತಿರ, ಇನ್ನೊಂದು ತುದಿ ದೂರ. ಹತ್ತಿರದ್ದು ದೊಡ್ಡದಾಗಿ ಬೀಳುತ್ತದೆ. ಎರಡು ಕ್ಯಾಮೆರಾ ಎರಡು ದಿಕ್ಕಿಗೆ ಓರೆ, ಅದಕ್ಕೇ ಅಂಚಿನ ಕಂಬಗಳು ಜಗಳವಾಡುತ್ತವೆ, ನಡುವಿನದು ಉಬ್ಬುತ್ತದೆ. ಕಣ್ಣುಗಳ ನಡುವೆ ಮೂರು ಬೆರಳು ಇರುವ ಕಡೆ ಮೊಳ ಬಿಟ್ಟದ್ದರಿಂದ ಅಮ್ಮ ಗೊಂಬೆಯಷ್ಟಾದಳು. ಮಲ್ಲಿಗೆಯನ್ನು ಹಲಗೆಯ ಮೇಲೆ ಜರುಗಿಸಿ ತೆಗೆದಾಗ ಕ್ಯಾಮೆರಾ ತಿರುಗಿರಲಿಲ್ಲ, ಎರಡು ಸಲವೂ ನೆಟ್ಟಗೆ ಮುಂದೆ ನೋಡಿತ್ತು. ಅದಕ್ಕೇ ಅದು ಸರಿ ಬಂತು.

“ಎತ್ತಿನ ಜೋಡಿ ಥರ ಪಕ್ಕಪಕ್ಕ, ಎರಡೂ ನೆಟ್ಟಗೆ ಮುಂದಕ್ಕೆ ನೋಡಬೇಕು. ಒಂದರ ಕಡೆ ಒಂದು ವಾಲಬಾರದು,” ಅಂದರು. ಆಮೇಲೆ ಮುಖ ಸಪ್ಪಗಾಯಿತು. “ಆದರೆ ಹಾಗೆ ಇಡಬೇಕಾದ್ರೆ ನಡೂಮಧ್ಯವೇ ನಿಲ್ಲಿಸಬೇಕು. ಅವ್ವ ಬೇಡ ಅಂದಿದ್ದೇ ಅದು.”

ನಾನು ಹಲಗೆ ತೆಗೆದುಕೊಂಡು ಬಂದು ಎರಡು ಕ್ಯಾಮೆರಾವನ್ನೂ ಅದರ ಮೇಲೆ ಮಗ್ಗುಲಿಗೆ ತಿರುಗಿಸಿ ಉದ್ದುದ್ದ ನಿಲ್ಲಿಸಿ ನೋಡಿದೆ. ಪುಟ್ಟ ಕ್ಯಾಮೆರಾಗಳು, ಹಾಗೆ ನಿಲ್ಲಿಸಿದರೆ ಗಾಜುಗಳು ಹತ್ತಿರ ಬಂದವು. ಎರಡರ ನಡುವೆ ಒಂದು ಸಣ್ಣ ಸಂದು ಉಳಿಯಿತು. “ಅಮ್ಮನ ನೇರಕ್ಕೆ ಈ ಸಂದು ಬರೋ ಹಂಗೆ ಇಡಿ. ಒಂದು ಈ ಪಕ್ಕ ಆಯ್ತು, ಒಂದು ಆ ಪಕ್ಕ ಆಯ್ತು. ನಡುವೆ ಯಾರೂ ಇಲ್ಲ. ಎರಡೂ ಅಮ್ಮನ ಕಣ್ಣಿಗೆ ಕಣ್ಣಿಟ್ಟು ನೋಡೋದೂ ಇಲ್ಲ.”

ಇವರು ನನ್ನ ಮುಖ ನೋಡಿದರು. “ನಿಂಗೆ ವಕೀಲಿಕೆ ಓದಿಸಬೇಕಿತ್ತು.”

“ಅಡುಗೆ ಯಾರು ಮಾಡ್ತಿದ್ರು?”

ಶುಕ್ರವಾರ ಮತ್ತೆ ಹೋದೆವು. ಪೂಜಾರಪ್ಪನಿಗೆ ಎಲ್ಲ ಹೇಳಿದೆವು. ಅವರು ಬಗ್ಗಿ ಆ ಸಂದಿನಿಂದ ಅಮ್ಮನನ್ನು ನೋಡಿ, “ಗಾಳಿ ಓಡಾಡೋಷ್ಟು ಜಾಗ ಅದೆ. ಸಾಕು ಬುಡಿ, ಅಮ್ಮಂಗೆ ಅಷ್ಟು ಸಾಕು,” ಅಂದರು. ಇವರು ದಾರಕ್ಕೆ ಸಣ್ಣ ಕಲ್ಲು ಕಟ್ಟಿ ಇಳಿಬಿಟ್ಟು ಹಲಗೆ ಎತ್ತಿ ತಗ್ಗಿಸಿ ಸಮ ಮಾಡಿದರು. ಒಂದು ಕ್ಯಾಮೆರಾ ಕೂದಲೆಳೆ ಮೇಲಿದ್ದರೂ ಕಣ್ಣು ನೋಯುತ್ತದೆ ಅಂತ. ಈ ಸಲ ಒತ್ತುವ ಎರಡು ಬೆರಳೂ ಅವರದೇ. ನಾನು ಕ್ಯಾಮೆರಾಗಳಿಗಿಂತ ಹಿಂದೆ, ಹೆಂಗಸರ ಪಕ್ಕದಲ್ಲಿ ನಿಂತು ಕೈಮುಗಿದುಕೊಂಡಿದ್ದೆ.

ಮನೆಗೆ ಬಂದು ಈ ಸಲ ನಾವೇ ಮೊದಲು ನೋಡಿದೆವು. ನೋಡಿ ಇವರು ಪೆಟ್ಟಿಗೆ ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಟ್ಟರು. ಗಂಡಸರು ಕಣ್ಣೊರೆಸಿಕೊಳ್ಳಲು ಹೋಗುವ ಜಾಗ ಅದು.

ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. “ಬ್ಯಾಡ ಕಣವ್ವ, ಮತ್ತೆ ನೋಡಿ ಹೊಟ್ಟೆ ಉರಿಸ್ಕೊಳ್ಳಾ?”

“ಅತ್ತೆ, ತಪ್ಪು ಅಮ್ಮಂದಲ್ಲ. ನಿಮ್ಮ ಮಗ ಕ್ಯಾಮೆರಾ ಓರೆ ಇಟ್ಟಿದ್ರು. ನೆಟ್ಟಗಿಟ್ಟು ತೆಗೆದವ್ರೆ.”

“ನನ್ ಮಗನ್ ಮ್ಯಾಲೇ ಹಾಕ್ತಿದ್ದೀಯಾ?”

“ಯಾರ ಮ್ಯಾಲೆ ಹಾಕ್ಲಿ? ದೇವರ ಮ್ಯಾಲೆ ಹಾಕೋಕಿಂತ ಮಗನ ಮ್ಯಾಲೆ ಹಾಕೋದು ಮೇಲಲ್ವಾ?”

ಅತ್ತೆ ಗೊಣಗುತ್ತಾ ಎದ್ದು ಕೂತರು. ಸೆರಗು ಹೊದ್ದರು. ಪೆಟ್ಟಿಗೆ ಎತ್ತಿದರು. ನಾನು ಪಕ್ಕದಲ್ಲೇ ನಿಂತೆ. ಬೈಗುಳ ಬರುತ್ತದೋ, ಅಳು ಬರುತ್ತದೋ ತಿಳಿಯದು. ಪೆಟ್ಟಿಗೆಯನ್ನು ಚೂರು ಚೂರೇ ಅತ್ತಿತ್ತ ಆಡಿಸಿದರು.

“ತೂಗುದೀಪ ತೊಳ್ದೇ ಇಲ್ವಲ್ಲ ಪೂಜಾರಿ,” ಅಂದರು ಕೊನೆಗೆ. “ಜಿಡ್ಡು ನೋಡು, ಎಂಗೆ ಮೆತ್ಕೊಂಡದೆ.”

“ಅಮ್ಮ ಎಲ್ಲವ್ಳೆ ಅತ್ತೆ?”

“ಎಲ್ಲವ್ಳೆ ಅಂದ್ರೆ? ಅವ್ಳ ಜಾಗದಲ್ಲವ್ಳೆ. ದೀಪದಿಂದಾಚೆ, ಒಳ್ಗೆ.” ಕಂಬದ ಕಡೆ ಪೆಟ್ಟಿಗೆ ತಿರುಗಿಸಿದವರಂತೆ ಕತ್ತು ಓರೆ ಮಾಡಿದರು. “ಕಂಬ ನೆಟ್ಟಗವೆ. ಇಲ್ಲಿ, ಈ ಎಡಗಂಬದ ಪಕ್ಕ ನೋಡು, ನಾನು ನಿಂತ್ಕೊಳ್ಳೋ ಜಾಗ. ಹಂಗೇ ಖಾಲಿ ಅದೆ. ಯಾರೂ ನಿಂತಿಲ್ಲ.”

ಚಪ್ಪಟೆ ಫೋಟೋದಲ್ಲಿ ಆ ಜಾಗ ಕಾಣುತ್ತಿರಲಿಲ್ಲ. ಕಂಬಕ್ಕೂ ಬಾಗಿಲಿಗೂ ನಡುವೆ ಒಬ್ಬ ಹೆಂಗಸು ನಿಲ್ಲುವಷ್ಟು ಗಾಳಿ. ಪೆಟ್ಟಿಗೆಯಲ್ಲಿ ಮಾತ್ರ ಅದು ಇತ್ತು, ಕಾಲಿಡಬಹುದಾದ ಹಾಗೆ.

ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಅತ್ತೆ ನನ್ನ ಕಡೆ ತಿರುಗಿದರು. “ಆ ಕಬ್ಬಿಣದ್ದು ಎಲ್ಲಿ ಮಡಗಿದ್ದೀಯೆ?”

“ಯಾವುದು?”

“ಅದೇ, ನಾಕು ಕಾಲಿಂದು. ತತ್ತಾ ಇಲ್ಲಿ.”

ವಾಕರ್ ತಂದೆ. ಎರಡು ಕೈಯಲ್ಲೂ ಹಿಡಿದು, ಹಲ್ಲು ಕಚ್ಚಿ, ಎದ್ದು ನಿಂತರು. ಹಿಡಿದುಕೊಳ್ಳಲು ಹೋದೆ, ಮೊಣಕೈಯಿಂದ ತಳ್ಳಿದರು. ಕಿಟಕಿವರೆಗೆ ಹೋಗಿ, ಅಲ್ಲಿ ಸರಳು ಹಿಡಿದು ನಿಂತು ಹೊಳೆಯ ದಿಕ್ಕಿಗೆ ಕೈ ಎತ್ತಿದರು. ಅಷ್ಟು ದೂರಕ್ಕೆ ಕೇಳಿಸಲೆಂಬಂತೆ ಗಟ್ಟಿಯಾಗಿ ಬೈದರು: “ಇರು, ಬತ್ತಾವ್ನಿ. ನಿಂಗೊಬ್ಬಳಿಗೇ ಅವಸರ.”

ಆಮೇಲೆ ದಿನಾ ನಡೆದರು. ಎಲ್ಲ ದಿನವೂ ಖುಷಿಯಿಂದ ಅಂತಲ್ಲ. ಕೆಲವು ದಿನ ನನ್ನನ್ನು ಬೈದುಕೊಂಡು, ಕೆಲವು ದಿನ ಮೂಳೆ ಕೂರಿಸಿದವರನ್ನು ಬೈದುಕೊಂಡು. ಬಚ್ಚಲಿಗೆ ತಾವೇ ಹೋಗುವಂತಾದರು. ಇದನ್ನು ದೊಡ್ಡ ಸಂಗತಿ ಅಂತ ಯಾರೂ ಬರೆಯುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರ ಮೈ ಒರೆಸಿ ಮಗ್ಗುಲು ಬದಲಿಸಿದ ಹೆಂಗಸರಿಗೆ ಗೊತ್ತು, ಅದೆಷ್ಟು ದೊಡ್ಡ ವರ ಅಂತ. ನನಗಿಂತ ಹೆಚ್ಚಾಗಿ ಅತ್ತೆಗೇ ಅದರ ಬೆಲೆ ಗೊತ್ತಿತ್ತು.

ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಆಟೋದವರು ಗುಡಿಯ ಬಾಗಿಲವರೆಗೂ ಬರಲು ಒಪ್ಪಿದರು. ಅತ್ತೆ ಹೊಸ ಸೀರೆ ಉಟ್ಟಿದ್ದರು. ಆಟೋ ಇಳಿದು, ವಾಕರ್ ಹಿಡಿದು, ಒಂದೊಂದೇ ಹೆಜ್ಜೆ ಹಾಕಿ ಎಡಗಂಬದ ಪಕ್ಕ ಹೋಗಿ ನಿಂತರು. ನಾನು ಏನೋ ದೊಡ್ಡದು ಬೇಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಬರೀ ಕಣ್ಣರಳಿಸಿ ನೋಡುತ್ತಿದ್ದರು, ಊರಿಂದ ಬಂದವರು ತಂಗಿಯನ್ನು ನೋಡುವ ಹಾಗೆ. ಆರತಿ ತೆಗೆದುಕೊಂಡು ಎರಡು ಕಣ್ಣಿಗೂ ಒತ್ತಿಕೊಂಡರು.

ಇವರು ಈ ಸಲವೂ ಹಲಗೆ, ಎರಡು ಕ್ಯಾಮೆರಾ ತಂದಿದ್ದರು. ಅಮ್ಮನ ಜೊತೆ ಅವ್ವನನ್ನೂ ಒಂದು ಪೆಟ್ಟಿಗೆಯಲ್ಲಿ ಕೂರಿಸುವ ಆಸೆ. ಸಮ ನೋಡಿ, ದಾರ ಇಳಿಬಿಟ್ಟು, ಬೆರಳಿಟ್ಟುಕೊಂಡು, “ಅವ್ವ, ಒಸಿ ಈ ಕಡೆ ತಿರುಗು” ಅಂದರು.

ಅತ್ತೆ ತಿರುಗಲೇ ಇಲ್ಲ. ಕಣ್ಣು ಅಮ್ಮನ ಮೇಲೇ ಇಟ್ಟುಕೊಂಡು ಅಂದರು:

“ನನ್ನೇನ್ ತಗೀತೀಯೋ? ಎತ್ಕೊಂಡು ಸರ್ಕೋ ಅತ್ಲಾಗೆ. ಹಿಂದೆ ಜನ ನಿಂತವ್ರೆ, ಅವ್ರೂ ನೋಡ್ಬ್ಯಾಡ್ವಾ?”